ಆಮೆಗೆ ದಾರಿ ಬಿಟ್ಟವರು

ಮಾರ್ಚ್ 4, ಸೋಮವಾರ

ಇಂದು ಮಧ್ಯಾಹ್ನ ಮೃಗಾಲಯದ ದೊಡ್ಡ ಆಮೆ ಕಾಣೆಯಾಗಿರುವುದು ಗಮನಕ್ಕೆ ಬಂತು. ಎಲ್ಲರೂ ‘ಯಜಮಾನರು’ ಎಂದು ಕರೆಯುವ ಆಮೆ. ವಯಸ್ಸು ನೂರು ದಾಟಿದೆ, ತೂಕ ಇಬ್ಬರು ದಪ್ಪ ಮನುಷ್ಯರಷ್ಟಿದೆ. ಪೊದೆ, ಚರಂಡಿ, ಕೊಳ, ಮೊಸಳೆ ಹೊಂಡದ ಅಂಚು ಎಲ್ಲವನ್ನೂ ಸಂಜೆಯವರೆಗೆ ಹುಡುಕಲಾಯಿತು. ಫಲ ದೊರೆಯಲಿಲ್ಲ.

ದಿನಚರಿಯಲ್ಲಿ ಸುಳ್ಳು ಬರೆಯಬಾರದೆಂಬ ನಿಯಮ ಇರುವುದರಿಂದ ಇಷ್ಟನ್ನು ದಾಖಲಿಸಲಾಗುತ್ತಿದೆ. ಊಟದ ವೇಳೆ ಪಕ್ಕದ ಗೇಟಿನ ಬಳಿಯ ಕಲ್ಲುಬೆಂಚಿನ ಮೇಲೆ ಎಂದಿನಂತೆ ಕೂರಲಾಗಿತ್ತು. ಡಬ್ಬಿ ಖಾಲಿಯಾಗಿತ್ತು. ಕವನ ಸಂಕಲನ ತೆರೆದಿತ್ತು. ಒಂದು ಒಳ್ಳೆಯ ಸಾಲಿನ ನಡುವೆ, ಪಾದಗಳ ಹತ್ತಿರ ಬಂಡೆಯಂಥದ್ದೇನೋ ಬಂದು ನಿಂತು ಉಸಿರು ಬಿಟ್ಟಂತೆ ಭಾಸವಾಯಿತು. ಕಾಲುಗಳನ್ನು ಎತ್ತಿಕೊಳ್ಳಲಾಯಿತು. ಬಂಡೆ ಮುಂದೆ ಹೋಯಿತು. ಹಿಂದೆ ಯಾರೋ ಇದ್ದಾರೆಂದು ಭಾವಿಸಲಾಯಿತು. ಕಾಲುಗಳನ್ನು ಇಳಿಸಲಾಯಿತು. ಪುಟ ತಿರುವಲಾಯಿತು.

ಇದನ್ನು ಕಚೇರಿಯಲ್ಲಿ ಹೇಳುವ ಸಂದರ್ಭ ಒದಗಿ ಬರಲಿಲ್ಲ.

ಮಾರ್ಚ್ 5, ಮಂಗಳವಾರ

ಯಜಮಾನರು ಸಿಕ್ಕರು. ರಸ್ತೆಯಾಚೆಯ ನರ್ಸರಿಯಲ್ಲಿ ಎರಡು ಸಾಲು ಹೂವಿನ ಸಸಿಗಳನ್ನು ಮುಗಿಸಿ ಮೂರನೆಯ ಸಾಲಿನ ನೆರಳಿನಲ್ಲಿ ಮಲಗಿದ್ದರಂತೆ. ಎತ್ತಿ ತರಲು ಆರು ಜನ ಬೇಕಾದರು.

ನರ್ಸರಿಯ ಒಡತಿ ಬೆಳಿಗ್ಗೆಯೇ ಕಚೇರಿಗೆ ಬಂದು ನಿಂತರು. “ಬೈಯೋಕೆ ಬಂದಿದ್ದೀನಿ. ಯಾರನ್ನ ಬೈಬೇಕು ಹೇಳಿ.” ಒಬ್ಬರು ಇನ್ನೊಬ್ಬರ ಮೇಜು ತೋರಿಸಿದರು. ಅವರು ಇಡೀ ಕಚೇರಿ ಸುತ್ತಿ, ಕೊನೆಗೆ ಆವರಣಕ್ಕೇ ಹೋಗಿ ಆಮೆಯನ್ನು ಬೈದು ಹೋದರು. ಆಮೆ ತಲೆಯನ್ನು ಒಳಕ್ಕೆ ಎಳೆದುಕೊಂಡಿತಂತೆ. ಕಚೇರಿಯಲ್ಲೂ ಎಲ್ಲರೂ ಮಾಡಿದ್ದು ಅದನ್ನೇ.

ಆಡಳಿತ ಮಂಡಳಿಗೆ ಹೋಗುವ ವರದಿಗಳೆಲ್ಲ ಇಂಗ್ಲಿಷಿನಲ್ಲಿ ಇರಬೇಕು, ಮತ್ತು ಇಪ್ಪತ್ತೆರಡು ವರ್ಷಗಳಿಂದ ಅವೆಲ್ಲ ಹೊರಡುವುದು ಈ ಒಂದು ಮೇಜಿನಿಂದ. ಎಂ.ಎ. ಓದಿದ್ದಕ್ಕೆ ಆದ ಉಪಯೋಗ ಇದು. ಹನ್ನೊಂದು ಗಂಟೆಯ ಹೊತ್ತಿಗೆ ವರದಿ ಸಿದ್ಧವಾಗಿತ್ತು. ಅಗಳಿ ಹಾಕದಿರುವುದು ಕಂಡುಬಂದಿದೆ, ಗೇಟು ತೆರೆದಿರುವುದು ಕಂಡುಬಂದಿದೆ, ಪ್ರಾಣಿಯನ್ನು ತಡೆಯಲಾಗಲಿಲ್ಲ, ಪ್ರಾಣಿಯು ರಸ್ತೆಯನ್ನು ದಾಟಿತು. ಲಕ್ಷಣವಾದ ವರದಿ.

ನಿರ್ದೇಶಕರು ಹೊಸಬರು, ಯಾವುದೋ ತರಬೇತಿ ಮುಗಿಸಿ ಬಂದವರು. ಎರಡು ಸಲ ಓದಿದರು.

“ಮೇಡಂ, ಈ ವರದಿಯಲ್ಲಿ ಏನಾದ್ರೂ ಮಾಡಿರೋದು ಆಮೆ ಒಂದೇ.”

“ಹೌದು ಸಾರ್. ರಸ್ತೆ ದಾಟಿದೆ.”

“ಉಳಿದವರೆಲ್ಲ?”

“ಉಳಿದವರಿಗೆಲ್ಲ ಕಂಡುಬಂದಿದೆ ಸಾರ್.”

ಅವರು ನಗಲಿಲ್ಲ. “‘ಗೇಟು ತೆರೆಯಲಾಯಿತು’ ಅಂತ ಬೇಡ. ‘ಇಂಥವರು ಗೇಟು ತೆರೆದರು’ ಅಂತ ಬೇಕು. ನಾವೆಲ್ಲ ಸ್ಕೂಲಲ್ಲಿ ಕಲಿತದ್ದೇ, ಕರ್ತರಿ ಪ್ರಯೋಗ. ಪ್ರತಿ ವಾಕ್ಯಕ್ಕೂ ಒಬ್ಬ ಮನುಷ್ಯ. ಮುಂದಿನ ಮಂಗಳವಾರ ಮಂಡಳಿ ಸಭೆ ಇದೆ, ಸೋಮವಾರ ನನ್ನ ಮೇಜಿನ ಮೇಲಿರಲಿ.”

ಹೊರಗೆ ಹೆಡ್ ಕ್ಲರ್ಕು ಸಮಾಧಾನ ಹೇಳಿದರು: “ಅದಕ್ಯಾಕೆ ತಲೆ ಕೆಡಿಸ್ಕೋತೀರಾ? ಎಲ್ಲ ವಾಕ್ಯಕ್ಕೂ ಆಮೆ ನೋಡ್ಕೊಳ್ಳೋನನ್ನೇ ಹಾಕ್ಬಿಡಿ. ಹೆಂಗಿದ್ರೂ ಹಂಗಾಮಿ.”

ಆಮೆ ನೋಡಿಕೊಳ್ಳುವವನಿಗೆ ಮಂಡಳಿ ತೀರ್ಮಾನಿಸುವವರೆಗೆ ಬರಬೇಡ ಎಂದು ಹೇಳಲಾಗಿದೆ. ಒಂಬತ್ತು ವರ್ಷದ ಹಂಗಾಮಿ ಕೆಲಸ. ಖಾಯಂ ಮಾಡುವ ಫೈಲು ಇದೇ ಸಭೆಗೆ ಹೋಗಬೇಕಿತ್ತು. ಈಗ ಫೈಲಿನ ಬದಲು ವರದಿ ಹೋಗುತ್ತದೆ.

ಮಾರ್ಚ್ 6, ಬುಧವಾರ

ವಾಕ್ಯಗಳಿಗೆ ಮನುಷ್ಯರನ್ನು ಹುಡುಕುವ ಕೆಲಸ ಶುರುವಾಯಿತು. ಮೊದಲು ಗೇಟಿನ ಕಾವಲುಗಾರರು.

“ಗೇಟು ತೆಗೆದಿತ್ತು ಮೇಡಂ.”

“ಯಾರು ತೆಗೆದ್ರು?”

“ತೆಗೆದಿತ್ತು.”

“ತಾನಾಗೇ?”

“ಮೇವಿನ ಲಾರಿ ಬಂತಲ್ಲ, ಅದಕ್ಕೆ ತೆಗೆದಿತ್ತು.”

“ಲಾರಿ ಹೋದ ಮೇಲೆ?”

“ಯಾರೋ ಹಾಕ್ತಾರೆ ಅಂತ ಇತ್ತು.”

“ಎಲ್ಲಿ ಇತ್ತು?”

ಸ್ವಲ್ಪ ಯೋಚಿಸಿ, “ಮನಸ್ಸಲ್ಲಿ” ಎಂದರು. ಆಮೇಲೆ ತಾವಾಗಿಯೇ ಸೇರಿಸಿದರು: “ಆದ್ರೆ ಯಜಮಾನರು ಬಂದಾಗ ಎದ್ದು ನಿಂತ್ಕೊಂಡೆ. ಹಿರಿಯರು ಹೋಗ್ತಿರುವಾಗ ಕೂತಿರೋದಕ್ಕಾಗುತ್ತಾ? ಇದನ್ನ ಬರೀಬೇಡಿ.”

ಟಿಕೆಟ್ ಕೌಂಟರಿನ ಹುಡುಗಿ ದಾರಿಗೆ ಅಡ್ಡ ನಿಂತಿದ್ದ ಮಗುವನ್ನು ಪಕ್ಕಕ್ಕೆ ಕರೆದಿದ್ದಾಳೆ: “ದಾರಿ ಬಿಡು ಪುಟ್ಟಾ, ತಾತ ಹೋಗ್ಲಿ.” ಪಶುವೈದ್ಯರು ಎದುರಿಗೇ ಸಿಕ್ಕಿದ್ದಾರೆ, ಬೆನ್ನು ತಟ್ಟಿದ್ದಾರೆ. “ತೂಕಕ್ಕೆ ಕರ್ಕೊಂಡು ಹೋಗ್ತಿದ್ದಾರೆ ಅಂದ್ಕೊಂಡೆ.” ಯಾರು? “ಯಾರೋ.”

ಈ ‘ಯಾರೋ’ ಎಂಬವರೇ ನಮ್ಮ ಕಚೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ಕೆಲಸ ಮಾಡುವವರು. ಗೇಟು ಹಾಕುವವರು, ದೀಪ ಆರಿಸುವವರು, ಆಮೆಯ ಹಿಂದೆ ನಡೆಯುವವರು ಎಲ್ಲ ಅವರೇ. ಒಂದು ಬಡ್ತಿ ಸಿಕ್ಕಿಲ್ಲ ಪಾಪ.

ನಿಜ ಹೇಳಬೇಕೆಂದರೆ ಯಾರದೂ ದುರುದ್ದೇಶವಲ್ಲ. ಪ್ರಾಣಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವಾಗ ಎದುರಾದವರು ಸದ್ದು ಮಾಡದೆ, ಪ್ರಶ್ನೆ ಕೇಳದೆ, ಸರಿದು ದಾರಿ ಬಿಡಬೇಕೆಂಬುದು ನಮ್ಮಲ್ಲಿನ ಹಳೆಯ ನಿಯಮ. ಪ್ರಾಣಿ ಬೆದರಬಾರದು. ಬೇರೆ ಕಚೇರಿಯ ಕಾರಿಡಾರಿನಲ್ಲಿ ಇಂಥ ಆಮೆ ಬಂದರೆ ಜನ ಕಿರುಚಿಕೊಂಡಾರು. ನಮ್ಮವರು ಗೋಡೆಗೆ ಅಂಟಿಕೊಂಡು ನಿಲ್ಲುತ್ತಾರೆ. ಒಂದು ಆಮೆ ಹಗಲು ಹೊತ್ತಿನಲ್ಲಿ, ಆಮೆಯ ವೇಗದಲ್ಲಿ, ಇಷ್ಟು ಜನರ ಮರ್ಯಾದೆಯನ್ನು ಸ್ವೀಕರಿಸುತ್ತಾ ಹೊರಗೆ ಹೋಗಿದೆ.

ಕಲ್ಲುಬೆಂಚಿನ ವಿಷಯವನ್ನು ಇಂದೂ ಯಾರೂ ಕೇಳಲಿಲ್ಲ. ಕೇಳುವ ಕೆಲಸ ಈ ಮೇಜಿನದೇ ಆಗಿರುವುದು ಒಂದು ಅನುಕೂಲ.

ಮನೆಗೆ ಬಂದರೆ ಗಾಜಿನ ಬೋಗುಣಿ ಚೂರಾಗಿತ್ತು. ಯಜಮಾನರು (ಆಮೆಯಲ್ಲ, ಮನೆಯವರು) ಪೊರಕೆ ಹಿಡಿದು ನಿಂತಿದ್ದರು.

“ಬೋಗುಣಿ ಒಡೆದಿದೆ.”

“ಯಾರು ಒಡೆದಿದ್ದು?” ಅತ್ತೆ ಒಳಗಿನಿಂದ ಕೇಳಿದರು.

“ನೆಲ ಕಣಮ್ಮಾ.”

“ನೆಲ ಇಷ್ಟು ವರ್ಷದಿಂದ ಅಲ್ಲೇ ಇದೆ. ಇವತ್ತೇನು ಎದ್ದು ಬಂತಾ?”

ಮಾರ್ಚ್ 7, ಗುರುವಾರ

ಆಮೆ ನೋಡಿಕೊಳ್ಳುವವನು ಬಂದಿದ್ದ. ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಕಿಟಕಿಯ ಹೊರಗೇ ನಿಂತಿದ್ದ. ಕುರ್ಚಿ ತೋರಿಸಲಾಯಿತು. ಕೂರಲಿಲ್ಲ.

“ಯಜಮಾನರು ತಿಂತಿದ್ದಾರಾ ಮೇಡಂ?”

“ತಿಂತಿದ್ದಾರಂತೆ.”

“ಬೇರೆಯವರು ಕೊಟ್ರೂ?” ಮುಖ ಸಣ್ಣದಾಯಿತು. ಯಜಮಾನರು ಎರಡು ದಿನ ಉಪವಾಸ ಕೂರಬಹುದೆಂದು ನಿರೀಕ್ಷಿಸಿದ್ದ ಎಂದು ಕಾಣುತ್ತದೆ. “ಒಂಬತ್ತು ವರ್ಷ ಬೆನ್ನು ಉಜ್ಜಿದ್ದೀನಿ. ಇರ್ಲಿ ಬಿಡಿ.”

ಅಂದು ಏನಾಯಿತೆಂದು ಕೇಳಿದಾಗ ತಡವರಿಸಲಿಲ್ಲ. ಆವರಣ ತೊಳೆಯುತ್ತಿದ್ದನಂತೆ. ಹೆಡ್ ಕ್ಲರ್ಕು ಬಂದು ನಿರ್ದೇಶಕರ ಮೇಜನ್ನು ಕಿಟಕಿಯ ಕಡೆ ಸರಿಸಬೇಕು, ಈಗಿಂದೀಗಲೇ ಬಾ ಎಂದರಂತೆ. “ಓಡಿದೆ. ಅಗಳಿ ಹಾಕೋದು ಮರೆತೆ. ನಾನೇ ಮರೆತಿದ್ದು.”

ಎಷ್ಟು ಚಿಕ್ಕ ವಾಕ್ಯ. ಇಂಗ್ಲಿಷಿಗೆ ತಂದರೂ ಚಿಕ್ಕದಾಗಿಯೇ ಇರುತ್ತದೆ, ಹಿಗ್ಗಿಸಲು ಎಲ್ಲೂ ಜಾಗವಿಲ್ಲ.

ಹೊರಡುವಾಗ ಹೇಳಿದ: “ನನ್ನ ಹೆಸರು ಬರ್ಲಿ ಮೇಡಂ, ಬರ್ದೇ ಇರೋಕಾಗಲ್ಲ. ಆದ್ರೆ ಒಂದೇ ಸಲ ಬರೋ ಹಾಗೆ ಮಾಡಿ. ಮನೇಲಿ ಮಗಳು ಇಂಗ್ಲಿಷ್ ಓದ್ತಾಳೆ.”

ಮಾರ್ಚ್ 8, ಶುಕ್ರವಾರ

ವರದಿ ಬರೆದದ್ದಾಯಿತು. ಹೆಡ್ ಕ್ಲರ್ಕಿನ ದಾರಿಯೇ ಸುಲಭವಾಗಿ ಕಂಡಿತು, ಏಕೆಂದರೆ ಬೇರೆ ಯಾರೂ ತಮ್ಮ ಹೆಸರನ್ನು ಕೊಡಲಿಲ್ಲ. ಹದಿನಾಲ್ಕು ವಾಕ್ಯ, ಹದಿನಾಲ್ಕರಲ್ಲೂ ಅವನೇ. ಅವನು ಅಗಳಿ ಹಾಕಲಿಲ್ಲ, ಅವನು ಆಮೆಯನ್ನು ಬಿಟ್ಟ, ಅವನು ತಡೆಯಲಿಲ್ಲ, ಅವನು ಗೇಟನ್ನು ಗಮನಿಸಲಿಲ್ಲ. ಕರ್ತರಿ ಪ್ರಯೋಗದಲ್ಲಿ ಒಂದು ತಪ್ಪಿಲ್ಲ. ಹಂಗಾಮಿ ನೌಕರನಿಗೆ ಬಡ್ತಿ ಸಿಗದಿದ್ದರೂ ಕರ್ತೃಸ್ಥಾನ ಬೇಗ ಸಿಗುತ್ತದೆ.

ಕವಿತೆಯಲ್ಲಿ ಎಲೆ ಉದುರುತ್ತದೆ, ದಿನ ಮುಗಿಯುತ್ತದೆ, ಯಾರು ಉದುರಿಸಿದರು, ಯಾರು ಮುಗಿಸಿದರು ಎಂದು ಯಾರೂ ವಿಚಾರಣೆ ಮಾಡುವುದಿಲ್ಲ. ಅದಕ್ಕೇ ಇರಬೇಕು ಊಟದ ಹೊತ್ತಿಗೆ ಅಲ್ಲಿಗೆ ಓಡಿಹೋಗುವುದು.

ಸಂಜೆ ಅತ್ತೆ ಕೇಳಿದರು, “ಅದೇನು ಹಿಡ್ಕೊಂಡು ಕೂತಿದ್ದೀಯ? ಓದು, ನಾನೂ ಕೇಳ್ತೀನಿ.” ಕನ್ನಡದಲ್ಲಿ ಓದಿ ಹೇಳಿದ್ದಾಯಿತು. ಅತ್ತೆ ಬಟಾಣಿ ಬಿಡಿಸುತ್ತಾ ಕೇಳಿದರು.

“ಅವನೊಬ್ನೇನಾ ನಿಮ್ಮ ಆಫೀಸಲ್ಲಿ? ಉಳಿದವರಿಗೆಲ್ಲ ಅವತ್ತು ರಜಾನಾ?”

“ಹಾಗಲ್ಲ ಅತ್ತೆ.”

“ನೀನೆಲ್ಲಿದ್ದೆ?”

“ಊಟದ ಹೊತ್ತು ಅದು.”

“ಹೊತ್ತು ಕೇಳಲಿಲ್ಲ. ಎಲ್ಲಿದ್ದೆ?”

“ಬೆಂಚಿನ ಮೇಲೆ.”

“ಯಾವ ಬೆಂಚು?”

“ಗೇಟಿನ ಹತ್ರ ಒಂದಿದೆ.”

ಬಟಾಣಿ ನಿಂತಿತು. “ಅಂದ್ರೆ ಆಮೆ ನಿನ್ನ ಮುಂದೆನೇ ಹೋಯ್ತು.”

“ಹೋಗಿರಬಹುದು.”

“ಹೋಗಿರಬಹುದು ಅಂದ್ರೆ? ಅದೇನು ಸೊಳ್ಳೆನಾ?”

ಮನೆಯವರು ಪತ್ರಿಕೆಯನ್ನು ಮುಖದ ಮೇಲಕ್ಕೆ ಏರಿಸಿಕೊಂಡರು. ಪತ್ರಿಕೆ ಅಲುಗಾಡುತ್ತಿತ್ತು.

“ನಾನು ಕಾಲೆತ್ತಿದೆ,” ಎಂದೆ.

“ಏನು?”

“ನಾನು ಕಾಲೆತ್ತಿದೆ ಅತ್ತೆ. ಅದು ಬಂದು ನಿಂತ್ಕೊಂಡಿತ್ತು. ನಾನು ಕಾಲೆತ್ತಿ ದಾರಿ ಬಿಟ್ಟೆ.”

ಅತ್ತೆ ನನ್ನನ್ನು ನೋಡಿದರು, ನನ್ನ ಕಾಲನ್ನು ನೋಡಿದರು. “ಕಸ ಗುಡಿಸೋವಾಗ ನಿನ್ನ ಗಂಡ ಎತ್ತಲ್ಲ,” ಎಂದರು. “ನೀನು ಆಮೆಗೆ ಎತ್ತಿದ್ದೀಯ. ಬರಿ ಅದನ್ನ. ಮೊದಲು ಅದನ್ನ ಬರಿ.”

ಮಾರ್ಚ್ 9, ಶನಿವಾರ

ಹೊಸ ಹಾಳೆ ತೆಗೆದುಕೊಂಡು ನನ್ನ ವಾಕ್ಯವನ್ನು ಬರೆದೆ. ಅದನ್ನೇ ಹಿಡಿದುಕೊಂಡು ಒಬ್ಬೊಬ್ಬರ ಹತ್ತಿರ ಹೋದೆ.

ಕಾವಲುಗಾರರು ಓದಿಸಿಕೊಂಡು ಕೇಳಿದರು. “ನೀವಾ? ಮೇಡಂ, ನೀವಾ?” ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ಹಬ್ಬದ ಬೋನಸ್ಸಿನ ದಿನವೂ ಕಂಡಿರಲಿಲ್ಲ. “ಹಾಗಾದ್ರೆ ನಂದೂ ಬರ್ಕೊಳ್ಳಿ. ಗೇಟು ತೆಗೆದೆ, ಹಾಕಲಿಲ್ಲ, ಎದ್ದು ನಿಂತೆ. ಸಲ್ಯೂಟ್ ಹೊಡೆದದ್ದನ್ನ ಮೊನ್ನೆ ಹೇಳಿರ್ಲಿಲ್ಲ.”

“ಸಲ್ಯೂಟ್ ಹೊಡೆದ್ರಾ?”

“ಸಣ್ಣದು.”

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹರಡಿ, ನಾನು ಹುಡುಕಿಕೊಂಡು ಹೋಗುವ ಬದಲು ಜನರೇ ಬರತೊಡಗಿದರು. ಟಿಕೆಟ್ ಕೌಂಟರಿನ ಹುಡುಗಿಗೆ ‘ತಾತ’ ಎಂಬ ಮಾತು ಇಂಗ್ಲಿಷಿನಲ್ಲೂ ಇರಬೇಕು. ತೋಟ ನೋಡಿಕೊಳ್ಳುವವರು ನೀರಿನ ಪೈಪನ್ನು ದಾರಿಯಿಂದ ಎಳೆದುಕೊಂಡಿದ್ದರಂತೆ, “ಅವರು ಎಡವಬಾರದು ಅಂತ.” ಪಕ್ಷಿಗಳ ವಿಭಾಗದವರೊಬ್ಬರು ಬಂದು ತಾವೂ ದಾರಿ ಬಿಟ್ಟೆವೆಂದರು. ವಿಚಾರಿಸಿದರೆ ಆ ದಿನ ಅವರು ರಜೆಯಲ್ಲಿದ್ದರು. ವಾಪಸು ಕಳಿಸಬೇಕಾಯಿತು.

ಪಶುವೈದ್ಯರು ಮಾತ್ರ ಚೌಕಾಸಿ ಮಾಡಿದರು. “‘ಪರೀಕ್ಷಿಸಿದರು’ ಅಂತ ಹಾಕಿ.”

“ಬೆನ್ನು ತಟ್ಟಿದಿರಿ ಡಾಕ್ಟ್ರೇ.”

“ತಟ್ಟಿ ಪರೀಕ್ಷಿಸಿದೆ.”

“ಏನು ಗೊತ್ತಾಯ್ತು?”

ಅವರು ನಿಟ್ಟುಸಿರು ಬಿಟ್ಟರು. “ಗಟ್ಟಿಯಾಗಿತ್ತು. ತಟ್ಟಿದೆ ಅಂತಾನೇ ಬರೀರಿ.”

ಹೆಡ್ ಕ್ಲರ್ಕು ಒಂದು ಗಂಟೆ ಕಾಲ ನನ್ನ ಕಡೆ ನೋಡದೆ ಕೂತಿದ್ದು, ಕೊನೆಗೆ, “ಆಮೆ ನೋಡ್ಕೊಳ್ಳೋನನ್ನ ಕರೆದದ್ದು ನಾನೇ. ಆದ್ರೆ ಮೇಜು ನಂದಲ್ಲ,” ಎಂದರು.

ಮೇಜು ಅವರದಲ್ಲ, ನಿಜ. ಮೇಜು ನಿರ್ದೇಶಕರದು.

ಹೊರಡುವಾಗ ನಿರ್ದೇಶಕರ ಡ್ರೈವರು ಕಾರು ಒರೆಸುತ್ತಾ ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಮೇಡಂ, ಗೇಟಲ್ಲಿ ನಮ್ಮ ಕಾರೂ ಇತ್ತು. ಹಾರ್ನ್ ಮಾಡೋಣ ಅಂದ್ಕೊಂಡೆ. ಸಾಹೇಬ್ರು ಫೋನಲ್ಲಿದ್ರು. ‘ಮಾಡ್ಬೇಡ, ಪ್ರಾಣಿ ಹೋಗ್ಲಿ’ ಅಂದ್ರು. ಅದು ಮುಂದೆ, ನಾವು ಹಿಂದೆ. ನಾನು ಹೇಳ್ದೆ ಅಂತ ಹೇಳ್ಬೇಡಿ.”

“ನೀವು ಹೇಳಿದಿರಿ ಅಂತಾನೇ ಬರೀಬೇಕಾಗುತ್ತೆ.”

ಒರೆಸುವ ಬಟ್ಟೆಯನ್ನು ಹಿಂಡಿದರು. ಬಟ್ಟೆ ಒಣಗಿಯೇ ಇತ್ತು. “ಬರೀರಿ ಹಾಗಾದ್ರೆ. ಎಲ್ಲರೂ ಇದ್ದಾರಲ್ಲ.”

ಮಾರ್ಚ್ 10, ಭಾನುವಾರ

ಬರೆದೆ. ಹರಿದೆ. ಬರೆದೆ.

ನಿರ್ದೇಶಕರ ವಾಕ್ಯವನ್ನು ಬಿಟ್ಟು ಬರೆದೆ. ಅತ್ತೆಗೆ ಓದಿ ಹೇಳದೆ ಎತ್ತಿಟ್ಟೆ. ಯಾಕೆ ಓದಿ ಹೇಳಲಿಲ್ಲವೆಂದು ನನಗೇ ಗೊತ್ತಾದ್ದರಿಂದ ಅದನ್ನೂ ಹರಿದೆ.

ಮಾರ್ಚ್ 11, ಸೋಮವಾರ

ಹತ್ತೂವರೆಗೆ ಒಳಗೆ ಕರೆದರು. ಹೊಸ ಕಡೆಗೆ ತಿರುಗಿದ ಮೇಜು. ಹಿಂದೆ ಕಿಟಕಿ. ಕಿಟಕಿಯಾಚೆ ಆಮೆಯ ಆವರಣ ಕಾಣುತ್ತದೆ ಎಂಬುದನ್ನು ಇವತ್ತು ಗಮನಿಸಿದೆ.

ಅವರು ಗಟ್ಟಿಯಾಗಿ ಓದುವ ಅಭ್ಯಾಸದವರು. ಮೊದಲ ವಾಕ್ಯ: ನಿರ್ದೇಶಕರು ತಮ್ಮ ಮೇಜನ್ನು ಕಿಟಕಿಯ ಕಡೆ ಸರಿಸಲು ಹೇಳಿದರು. ದನಿ ಸ್ವಲ್ಪ ನಿಂತಿತು. ಮುಂದುವರಿಯಿತು. ಹೆಡ್ ಕ್ಲರ್ಕ್ ಕರೆದರು. ಆಮೆಯ ಪಾಲಕ ಅಗಳಿ ಹಾಕಲು ಮರೆತ. ಅವನ ಹೆಸರು ಅಲ್ಲಿ ಒಂದೇ ಸಲ. ಆಮೇಲೆ ಪೈಪು, ತಾತ, ಬೆನ್ನು. ‘ಈ ವರದಿ ಬರೆದವಳು ಕಾಲೆತ್ತಿ ದಾರಿ ಬಿಟ್ಟಳು’ ಎಂಬಲ್ಲಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಸಲ್ಯೂಟಿನ ಹತ್ತಿರ ಬಾಯಿ ತುದಿ ಅಲುಗಿತು.

ಕೊನೆಯ ವಾಕ್ಯವನ್ನು ಗಟ್ಟಿಯಾಗಿ ಓದಲಿಲ್ಲ. ಗೇಟಿನಲ್ಲಿ ನಿರ್ದೇಶಕರು ಕಾರು ನಿಲ್ಲಿಸಲು ಹೇಳಿ, ಆಮೆಯನ್ನು ಮುಂದೆ ಬಿಟ್ಟು, ಅದರ ಹಿಂದೆಯೇ ಹೊರಗೆ ಹೋದರು.

ಫ್ಯಾನು ತಿರುಗುತ್ತಿತ್ತು. ಅವರು ಹಾಳೆಯನ್ನು ಮೇಜಿನ ಮೇಲಿಟ್ಟರು.

“ಮೇಡಂ, ಇದೊಂದು ವಾಕ್ಯ ಮಾತ್ರ… ಬೇರೆ ರೀತಿ ಬರೀಬಹುದಾ?”

“ಹೇಗೆ ಸಾರ್?”

“ಅಂದ್ರೆ…” ಕೈಯಲ್ಲಿ ಗಾಳಿಯನ್ನು ನೇವರಿಸಿದರು. “‘ಕಾರನ್ನು ನಿಲ್ಲಿಸಲಾಯಿತು’ ಅಂತ.”

“ಬರೀಬಹುದು ಸಾರ್. ಅದು ನನಗೆ ಚೆನ್ನಾಗಿ ಬರುತ್ತೆ. ಇಪ್ಪತ್ತೆರಡು ವರ್ಷ ಅದನ್ನೇ ಬರೆದಿದ್ದೀನಿ.” “ಆದ್ರೆ ನಿಮ್ಮದನ್ನ ಹಾಗೆ ಬರೆದ್ರೆ ಕಾಲೆತ್ತಿದ್ದನ್ನೂ ಹಾಗೇ ಬರೀತೀನಿ. ಅಗಳಿಯನ್ನೂ ಹಾಗೇ ಬರೀತೀನಿ. ಅವನೊಬ್ಬನ ಹೆಸರನ್ನ ಮಾತ್ರ ನಾನು ಉಳಿಸೋದಿಲ್ಲ ಸಾರ್.”

ಅವರು ಕುರ್ಚಿ ತಿರುಗಿಸಿ ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಯಜಮಾನರು ಬಿಸಿಲಿಗೆ ಕತ್ತು ಚಾಚಿಕೊಂಡು ನಿಂತಿದ್ದರು. ಇಬ್ಬರೂ ಎಷ್ಟು ಹೊತ್ತು ಹಾಗಿದ್ದರೋ. ಇಬ್ಬರಲ್ಲಿ ಯಾರಿಗೂ ಅವಸರವಿರಲಿಲ್ಲ.

ಆಮೇಲೆ ಅವರು ಪೆನ್ನು ತೆಗೆದುಕೊಂಡರು. ಸಹಿ ಅವರದೇ ಆಗಬೇಕಿತ್ತು. ಎರಡೂ ಕಡೆ ‘ನಿರ್ದೇಶಕರು’ ಎಂಬುದನ್ನು ಹೊಡೆದು ‘ನಾನು’ ಎಂದು ಬರೆದರು. ಕೊನೆಯ ವಾಕ್ಯದ ತುದಿಗೆ ಒಂದು ಪದ ಸೇರಿಸಿ ಸಹಿ ಹಾಕಿದರು.

ಹೊರಗೆ ಬಂದು ನೋಡಿದೆ. ‘ನಿಧಾನವಾಗಿ’ ಎಂದು ಸೇರಿಸಿದ್ದರು.

ಮಾರ್ಚ್ 13, ಬುಧವಾರ

ಮಂಡಳಿಯವರು ನಕ್ಕರಂತೆ, ನಗಬಾರದ ಕಡೆಯಲ್ಲೂ. ಆಮೆ ನೋಡಿಕೊಳ್ಳುವವನು ನಾಳೆಯಿಂದ ಕೆಲಸಕ್ಕೆ ಬರುತ್ತಾನೆ. ಅವನ ಫೈಲು ಮುಂದಿನ ಸಭೆಗೆ ಹೋಗುತ್ತದೆ, ಹೆಡ್ ಕ್ಲರ್ಕು ತಾವೇ ಹೊತ್ತುಕೊಂಡು ಹೋಗುವುದಾಗಿ ಹೇಳಿದ್ದಾರೆ. ವರದಿಯಲ್ಲಿರುವ ಎಲ್ಲರಿಗೂ ಎಚ್ಚರಿಕೆ ಪತ್ರ ಕೊಡಬೇಕೆಂದು ಆದೇಶವಾಗಿದೆ. ಬರೆಯುವವಳು ನಾನೇ.

ನನಗೆ ನಾನೇ ಪತ್ರ ಬರೆದೆ: ನೀವು ಕಾಲೆತ್ತಿದಿರಿ, ಮುಂದೆ ಎತ್ತುವ ಮೊದಲು ಕೇಳಿರಿ. ಓದಿಕೊಂಡೆ. ನ್ಯಾಯವಾಗಿತ್ತು. ಸಹಿ ಹಾಕಿ ಪಡೆದುಕೊಂಡೆ.

ನರ್ಸರಿಯ ಒಡತಿ ಮತ್ತೆ ಬಂದರು. “ಈಗಲಾದ್ರೂ ಹೇಳ್ತೀರಾ ಯಾರನ್ನ ಬೈಬೇಕು ಅಂತ?” ನಾನು ವರದಿಯ ಪ್ರತಿಯನ್ನು ಕೈಗೆ ಕೊಟ್ಟೆ. ಒಂದೊಂದೇ ಮೇಜಿಗೆ ಹೋಗಿ, ಕ್ರಮವಾಗಿ, ಯಾರನ್ನೂ ಬಿಡದೆ ಬೈದರು. ನಿರ್ದೇಶಕರು ಎದ್ದು ನಿಂತು ಬೈಸಿಕೊಂಡರಂತೆ. ನನ್ನ ಹತ್ತಿರ ಬಂದು, “ಕಾಲೆತ್ತಿದ ಮಹಾತಾಯಿ ನೀವೇನಾ?” ಎಂದರು. ಹೌದು ಎಂದೆ. ನನ್ನ ಪಾಲು ನನಗೆ ಸಿಕ್ಕಿತು. ಮನೆಗೆ ನಡೆದುಕೊಂಡೇ ಬಂದೆ, ಬಸ್ಸಿನ ನೆನಪೇ ಆಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮನೆಯವರು ತಟ್ಟೆ ನೋಡುತ್ತಾ, “ಬೋಗುಣಿ ನಾನೇ ಒಡೆದದ್ದು,” ಎಂದರು.

“ಗೊತ್ತು,” ಎಂದರು ಅತ್ತೆ.

“ಅದಕ್ಕೂ ಮುಂಚಿನದ್ದೂ.”

“ಅದು ಗೊತ್ತಿರ್ಲಿಲ್ಲ.” ಅತ್ತೆ ಸೌಟು ಕೆಳಗಿಟ್ಟರು. “ಅದು ಬೆಕ್ಕು ಅಂತ ಹೇಳಿದ್ದೆ ನೀನು. ಆ ಬೆಕ್ಕಿಗೆ ನಾನು ಒಂದು ತಿಂಗಳು ಹಾಲು ಹಾಕಲಿಲ್ಲ!”

ಮಾರ್ಚ್ 18, ಸೋಮವಾರ

ಊಟ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತು ಅದೇ ಸಂಕಲನವನ್ನು ತೆರೆದೆ. ಎಲ್ಲಿ ನಿಲ್ಲಿಸಿದ್ದೆನೋ ಆ ಸಾಲು ಸಿಗಲಿಲ್ಲ. ಮೊದಲಿನಿಂದ ಓದತೊಡಗಿದೆ.

ಪಾದಗಳ ಹತ್ತಿರ ಬಂಡೆ ಬಂದು ನಿಂತಿತು. ಉಸಿರು ಬಿಟ್ಟಿತು. ನಾನು ಪುಸ್ತಕ ಮುಚ್ಚಿ ಕೆಳಗೆ ನೋಡಿದೆ. ಯಜಮಾನರು ಕತ್ತೆತ್ತಿ ನನ್ನನ್ನು ನೋಡಿದರು, ಹೋದ ಸಲ ಇಷ್ಟು ತಡವಾಗಿರಲಿಲ್ಲ ಎಂಬಂತೆ.

“ಇವರ ಜೊತೆ ಯಾರಿದ್ದೀರಿ?” ಕೂಗಿ ಕೇಳಿದೆ.

“ನಾನಿದ್ದೀನಿ ಮೇಡಂ!” ಪೊದೆಯ ಆಚೆಯಿಂದ ದನಿ ಬಂತು, ಅದರ ಹಿಂದೆ ಒಂದು ಬುಟ್ಟಿ, ಬುಟ್ಟಿಯ ಹಿಂದೆ ಅವನು. “ತೂಕಕ್ಕೆ ಕರ್ಕೊಂಡು ಹೋಗ್ತಿದ್ದೀನಿ. ನಾನೇ.”

ನಾನು ಕಾಲೆತ್ತಿದೆ.